ಸನ್ನೆ ಹಿರಿಯಣ್ಣ ಎತ್ತಿದ ದನಿ

ನಮ್ಮ ಮನೆಯಲ್ಲಿ ಯಾರಾದರೂ ಅಪ್ಪನ ಜೊತೆ ಮಾತಾಡಬೇಕಾದರೆ ಎದುರಿಗೆ ಬಂದು ನಿಲ್ಲಬೇಕಿತ್ತು. ಬೆನ್ನ ಹಿಂದಿನಿಂದ ಕರೆದರೆ ಅವನು ತಿರುಗುತ್ತಿರಲಿಲ್ಲ. ಅದು ದೊಡ್ಡವರಿಗೆ ಕೊಡುವ ಗೌರವ ಎಂದೇ ನಾನು ಹನ್ನೆರಡು ವರ್ಷದವರೆಗೆ ತಿಳಿದಿದ್ದೆ. ಬೇರೆಯವರ ಮನೆಯ ಮಕ್ಕಳು ಅಡುಗೆಮನೆಯಿಂದಲೇ "ಅಪ್ಪಾ" ಎಂದು ಕಿರುಚಿದರೆ, ಇವಕ್ಕೆ ಯಾರೂ ಮರ್ಯಾದೆ ಕಲಿಸಿಲ್ಲ ಎಂದು ಮೂಗು ಮುರಿಯುತ್ತಿದ್ದೆ. ನನ್ನ ಜಂಬ ಅಷ್ಟಿತ್ತು.

ಅಪ್ಪನ ಹೆಸರು ಹಿರಿಯಣ್ಣ. ಹುಟ್ಟಿದ್ದು ಹೊಳೆಹೊನ್ನೂರಿನಲ್ಲಿ. ಗದ್ದೆಯನ್ನು ಅಣ್ಣಂದಿರಿಗೆ ಬಿಟ್ಟು, ಹತ್ತೊಂಬತ್ತನೇ ವಯಸ್ಸಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸೇರಿದವನು. ಅವನ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ತಲೆಯ ಮೇಲೆ ಹಳಿಗಳಲ್ಲಿ ಓಡಾಡುವ ಕ್ರೇನಿನ ಗೂಡಿನಲ್ಲಿ ಕೂತ ಡ್ರೈವರನಿಗೆ ಕೆಳಗಿನದು ನೆಟ್ಟಗೆ ಕಾಣುವುದಿಲ್ಲ, ಕೂಗಿದ್ದಂತೂ ಕೇಳುವುದೇ ಇಲ್ಲ. ಕೆಳಗೆ ನಿಂತು ಕೈಸನ್ನೆಯಿಂದ ಅವನನ್ನು ನಡೆಸುವವನು ಅಪ್ಪ. ತೋರುಬೆರಳನ್ನು ಮೇಲೆ ಮಾಡಿ ಸುತ್ತಿದರೆ 'ಎತ್ತು'. ಕೆಳಗೆ ಮಾಡಿ ಸುತ್ತಿದರೆ 'ಇಳಿಸು'. ಒಂದು ಅಂಗೈಯ ಮೇಲೆ ಇನ್ನೊಂದು ಅಂಗೈಯನ್ನು ಅಂತರ ಬಿಟ್ಟು ಹಿಡಿದರೆ 'ನಿಧಾನ'. ಭಾರ ನೆಲಕ್ಕೆ ಸರಿಯಾಗಿ ಕೂತ ಮೇಲೆ ಎರಡೂ ಅಂಗೈ ಜೋಡಿಸಿ ಎದೆಗೆ ಒತ್ತಿಕೊಳ್ಳಬೇಕು. ಅಂದರೆ 'ಕೂತಿತು, ಇನ್ನು ಚಿಂತೆಯಿಲ್ಲ'. ಊರಿನಲ್ಲೆಲ್ಲ ಅವನನ್ನು ಸನ್ನೆ ಹಿರಿಯಣ್ಣ ಎಂದೇ ಕರೆಯುತ್ತಿದ್ದರು.

ಆ ಶೆಡ್ಡಿನಲ್ಲಿ ಕೆಲಸ ಮಾಡುವವರು ಮಾತಿಗೆ ಗಂಟಲು ಬಳಸುತ್ತಲೇ ಇರಲಿಲ್ಲ. ಬಳಸಿದರೂ ಪ್ರಯೋಜನವಿರಲಿಲ್ಲ. ಬಾಯಿಯನ್ನು ದೊಡ್ಡದಾಗಿ ಆಡಿಸಿ, ಒಂದೊಂದು ಅಕ್ಷರವನ್ನೂ ತುಟಿಯ ಮೇಲೆ ತಂದು ತೋರಿಸುತ್ತಿದ್ದರು. ಹೀಗೆ ಈ ತುದಿಯಲ್ಲಿ ನಿಂತವನು ಆ ತುದಿಯವನ ಹೆಂಡತಿಯ ಬಾಣಂತನ ವಿಚಾರಿಸುತ್ತಿದ್ದ. ಅಲ್ಲಿ ತಮಿಳರಿದ್ದರು, ತೆಲುಗರಿದ್ದರು. ಅಪ್ಪನಿಗೆ ಮೂರು ಭಾಷೆಯೂ ಕಣ್ಣಿಗೆ ಬರುತ್ತಿತ್ತು. "ತಮಿಳಿನ ಬಾಯಿ ಅಗಲ, ತೆಲುಗಿನ ಬಾಯಿ ದುಂಡಗೆ, ನಮ್ಮದು ಎರಡರ ಮಧ್ಯ" ಎನ್ನುತ್ತಿದ್ದ.

ಮನೆಗೆ ಬಂದ ಮೇಲೂ ಅವನಿಗೆ ಗಂಟಲಿನ ನೆನಪು ಬರಲು ಹೊತ್ತು ಹಿಡಿಯುತ್ತಿತ್ತು. ಮಧ್ಯಾಹ್ನ ಶಿಫ್ಟು ಮುಗಿಸಿ ಬಂದು, ಜಗಲಿಯಲ್ಲಿ ಕೂತು, ಅವ್ವನಿಗೆ ದನಿಯಿಲ್ಲದೆ ಏನೋ ಹೇಳುವನು. ಅವ್ವ ಶಂಕರಮ್ಮನೂ ದನಿಯಿಲ್ಲದೆಯೇ ಉತ್ತರಿಸುವಳು. ನಾನು ಚಾಪೆಯ ಮೇಲೆ ಅರೆನಿದ್ದೆಯಲ್ಲಿ ಮಲಗಿ ಅವರಿಬ್ಬರ ಬಾಯಿ ನೋಡುತ್ತಿದ್ದೆ. ಹಿತ್ತಲಾಚೆ ಭದ್ರೆ ಹರಿಯುವ ಸದ್ದು ಬರುತ್ತಿತ್ತು. ತುಟಿಗಳು ಆಡುತ್ತಿದ್ದವು, ಅವ್ವ ನಗುತ್ತಿದ್ದಳು, ಯಾವ ಮಾತೂ ಕೇಳುತ್ತಿರಲಿಲ್ಲ. ಹೊಳೆಯೇ ಇವರಿಬ್ಬರ ಪರವಾಗಿ ಮಾತಾಡುತ್ತಿದೆ ಅನ್ನಿಸಿ ಕಣ್ಣು ಮುಚ್ಚಿಹೋಗುತ್ತಿತ್ತು. ಈಗಲೂ ನನಗೆ ಒಳ್ಳೆಯ ನಿದ್ದೆ ಬರಬೇಕೆಂದರೆ ಆ ಮಧ್ಯಾಹ್ನಗಳನ್ನು ನೆನೆಸಿಕೊಳ್ಳುತ್ತೇನೆ.

ಐವತ್ತೇಳನೇ ಇಸವಿಯಲ್ಲಿ ನಮ್ಮ ವಠಾರದ ಪಕ್ಕದ ಮನೆಗೆ ಶೇಷಮ್ಮ ಬಂದಳು. ಗಂಡ ಕಾಮಾಲೆಯಲ್ಲಿ ತೀರಿಕೊಂಡು ವರ್ಷವಾಗಿತ್ತು. ಹೊಲಿಗೆ ಮಿಷನ್ನೊಂದೇ ಅವಳ ಆಧಾರ. ಜೊತೆಗೆ ಆರು ವರ್ಷದ ಮಗಳು, ಪುಟ್ಟಲಕ್ಷ್ಮಿ. ಒಂದೂವರೆ ವರ್ಷದವಳಿದ್ದಾಗ ಜ್ವರ ಬಂದು ಮಗುವಿನ ಎರಡೂ ಕಿವಿ ಹೋಗಿದ್ದವು. ಕಿವಿ ಹೋದದ್ದು ಯಾರಿಗೂ ತಿಳಿಯದೆ, ನಾಲಗೆ ದಪ್ಪವಾಗಿದೆ ಎಂದುಕೊಂಡು ಜೇನಿನಲ್ಲಿ ಬಜೆ ತೇಯ್ದು ತಿಕ್ಕಿ ತಿಕ್ಕಿ ಹುಣ್ಣು ಮಾಡಿದ್ದರು. ವಠಾರದವರು ಅವಳನ್ನು ಮೂಗಿ ಎನ್ನುತ್ತಿದ್ದರು. ಎದುರಿಗೇ ಎನ್ನುತ್ತಿದ್ದರು, ಹೇಗೂ ಅವಳಿಗೆ ಕೇಳುವುದಿಲ್ಲವಲ್ಲ.

ಅವಳು ಇಡೀ ದಿನ ಅಮ್ಮನ ಮಿಷನ್ನಿನ ಹಲಗೆಗೆ ಕೆನ್ನೆಯಿಟ್ಟು ಕೂರುತ್ತಿದ್ದಳು. ಶೇಷಮ್ಮ ತುಳಿದಾಗ ಹಲಗೆ ಅದುರುತ್ತಿತ್ತು, ಮಗು ಕಣ್ಣು ಮುಚ್ಚಿ ನಗುತ್ತಿತ್ತು. ಆ ಹಲಗೆಯಲ್ಲಿ ಅವಳಿಗೆ ಸಿಗುತ್ತಿದ್ದುದು ಏನೆಂದು ಆಗ ನಮ್ಮಲ್ಲಿ ಯಾರೂ ಯೋಚಿಸಲಿಲ್ಲ.

ಒಂದು ಮಧ್ಯಾಹ್ನ ಅಪ್ಪ ಜಗಲಿಯಿಂದ, ಅಂಗಳದಾಚೆ ಬಟ್ಟೆ ಹರವುತ್ತಿದ್ದ ಅವ್ವನಿಗೆ, ಎಂದಿನಂತೆ ಬರೀ ಬಾಯಲ್ಲಿ "ನೀರು ಕೊಡು" ಎಂದ. ಅವ್ವ ನೋಡಲಿಲ್ಲ. ಪುಟ್ಟಲಕ್ಷ್ಮಿ ನೋಡಿದಳು. ಎದ್ದು ಹೋಗಿ, ನಮ್ಮ ಮನೆಯ ಹಂಡೆಯಿಂದ ಚೊಂಬಿನಲ್ಲಿ ನೀರು ತುಂಬಿ, ಚೆಲ್ಲಿಕೊಳ್ಳುತ್ತ ತಂದು ಅಪ್ಪನ ಕೈಗೆ ಕೊಟ್ಟಳು.

ಅಪ್ಪ ನೀರು ಕುಡಿಯಲಿಲ್ಲ. ಚೊಂಬು ಹಿಡಿದುಕೊಂಡು ಆ ಮಗುವನ್ನೇ ನೋಡುತ್ತ ಕೂತ. ಆ ನೋಟ ನನಗೆ ಯಾವತ್ತೂ ಸಿಕ್ಕಿರಲಿಲ್ಲ. ಕ್ಲಾಸಿಗೇ ಮೊದಲ ನಂಬರು ಬಂದಾಗಲೂ ಸಿಕ್ಕಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಇಲ್ಲಿಂದ ಮುಂದೆ ನಾನು ಹೇಳುವುದರಲ್ಲಿ ಹೊಟ್ಟೆಕಿಚ್ಚಿನ ವಾಸನೆ ಬಂದರೆ ಸಹಿಸಿಕೊಳ್ಳಿ, ಅದು ಇದ್ದದ್ದೇ.

ಶೇಷಮ್ಮನ ಅಣ್ಣ ಚಂದ್ರಶೇಖರಪ್ಪ ಶಿವಮೊಗ್ಗದಲ್ಲಿ ರಾಗಿಗುಡ್ಡದ ಹತ್ತಿರ ಇದ್ದವರು, ಬಜಾರಿನಲ್ಲಿ ಬಟ್ಟೆಯಂಗಡಿ. ಒಳ್ಳೆಯ ಮನುಷ್ಯರೇ. ಮೈಸೂರಿನ ಕಿವುಡ ಮಕ್ಕಳ ಹಾಸ್ಟೆಲ್ ಶಾಲೆಯೊಂದರಲ್ಲಿ ತಂಗಿಯ ಮಗಳಿಗೆ ಜಾಗ ಹೇಳಿಟ್ಟಿದ್ದರು. ಮುಂದಿನ ವರ್ಷ ಏಳು ತುಂಬಿದ ಕೂಡಲೇ ಕಳಿಸುವುದು ಎಂದು ನಿಶ್ಚಯ. ಅದನ್ನು ಹೇಳುವಾಗ ಶೇಷಮ್ಮ ಅವ್ವನ ಮುಂದೆ ಅತ್ತುಬಿಟ್ಟಳು.

"ಅಲ್ಲಿ ಹೊಟ್ಟೆ ನೋವು ಬಂದ್ರೆ ಯಾರಿಗೆ ಹೇಳ್ತಾಳೆ ಶಂಕರಮ್ಮ? ನನಗಾದ್ರೆ ಮುಖ ನೋಡಿದ್ರೆ ಗೊತ್ತಾಗುತ್ತೆ. ಇರೋದು ಒಂದು. ಅದನ್ನೂ ರೈಲು ಹತ್ತಿಸಿ ನಾನು ಈ ಮಿಷನ್ ಇಟ್ಕೊಂಡು ಏನ್ ಮಾಡ್ಲಿ?"

ನಮ್ಮ ಬೀದಿಯ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ ಸಾವಿತ್ರಮ್ಮನವರನ್ನು ಅವಳು ಆಗಲೇ ಕೇಳಿದ್ದಳು. ಅವರು ಕಟ್ಟುನಿಟ್ಟಿನ ಹೆಂಗಸು. "ನಲವತ್ತು ಮಕ್ಕಳ ಮಧ್ಯೆ ಕೂರಿಸ್ಕೋಬೇಕು ಅಂದ್ರೆ, ನಾನು ಕೇಳಿದಾಗ ತನ್ನ ಹೆಸರು, ತಾಯಿ ಹೆಸರು ಬಾಯಿ ಬಿಟ್ಟು ಹೇಳ್ಲಿ. ಅಷ್ಟು ಹೇಳಿದ್ರೆ ಉಳಿದಿದ್ದು ನನಗೆ ಬಿಡಿ. ಇಲ್ಲಾ ಅಂದ್ರೆ ಅವಳಿಗೇ ಅನ್ಯಾಯ" ಎಂದಿದ್ದರು.

ಎರಡು ಹೆಸರು. ಪುಟ್ಟಲಕ್ಷ್ಮಿ, ಶೇಷಮ್ಮ. ಅಷ್ಟು ಬಂದರೆ ಮಗು ಅಮ್ಮನ ಹತ್ತಿರ ಉಳಿಯುತ್ತದೆ.

ಅಪ್ಪ ಇದನ್ನೆಲ್ಲ ಶೇಷಮ್ಮನ ತುಟಿಯಿಂದ ಓದಿಕೊಂಡು, "ನಾನು ಕಲಿಸ್ತೀನಿ" ಎಂದ. ಜೋರಾಗಿಯೇ ಎಂದ. ಅವ್ವ ಬೆಚ್ಚಿಬಿದ್ದಳು.

ಮರುದಿನದಿಂದ ಪಾಠ ಶುರು. ಅಪ್ಪನಿಗೆ ಓದು ನಾಲ್ಕನೇ ಕ್ಲಾಸು. ಮಾತು ಕಲಿಸುವುದೂ ಒಂದು ವಿದ್ಯೆ, ಅದನ್ನು ಕಲಿತವರೂ ಲೋಕದಲ್ಲಿದ್ದಾರೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಅವನು ನಂಬಿದ್ದು ಕಣ್ಣನ್ನು, ಬೆರಳನ್ನು. ಅಂಗೈಯಲ್ಲಿ ಚಿಟಿಕೆ ವಿಭೂತಿ ಹಾಕಿಕೊಂಡು ತುಟಿಯ ಹತ್ತಿರ ಹಿಡಿದು 'ಪ' ಎನ್ನುವನು. ವಿಭೂತಿ ಹೊಗೆಯಂತೆ ಹಾರುವುದು. ಮಗುವಿನ ಅಂಗೈಯಲ್ಲೂ ಹಾಕುವನು. ಅವಳು ಊದುವಳು, ಅಪ್ಪ ಬೇಡವೆಂದು ತಲೆಯಾಡಿಸುವನು. ಊದಬಾರದು, ತುಟಿ ಮುಚ್ಚಿ ಪಟಕ್ಕನೆ ಬಿಡಬೇಕು. ಮೂರು ದಿನ ಅಂಗಳವೆಲ್ಲ ಬೂದಿ.

ಅವ್ವ ಒಳಗಿನಿಂದ ಬಂದು ಅಪ್ಪನ ಎದುರಿಗೆ ನಿಂತು ಬೈದಳು. "ಹಣೆಗೆ ಹಚ್ಚೋ ವಿಭೂತಿನ ಹಿಂಗಾ ಹಾರಿಸೋದು? ಶಿವ ನೋಡಿದ್ರೆ ಏನಂತಾನೆ?"

"ಶಿವಂಗೇನೂ ಬೇಜಾರಿಲ್ಲ ಮಾರಾಯ್ತಿ, ನಿಂಗೇ ಇರೋದು" ಎಂದ ಅಪ್ಪ.

ನಾಲ್ಕನೇ ದಿನ ಮಗು 'ಪ' ಎಂದಳು, ವಿಭೂತಿ ಹಾರಿತು. ಅಪ್ಪ ಅಲ್ಲೇ ಉಳಿದ ಬೂದಿಯನ್ನು ಅವಳ ಹಣೆಗೆ ಹಚ್ಚಿದ. 'ಟ' ಮತ್ತು 'ಲ'ಗೆ ಬೆಲ್ಲ ಬೇಕಾಯಿತು. ಬೆಲ್ಲದ ಚೂರನ್ನು ಮೇಲಿನ ಅಂಗುಳಕ್ಕೆ ಅಂಟಿಸಿ, ನಾಲಗೆಯ ತುದಿಯಿಂದ ಕಿತ್ತುಕೋ ಎನ್ನುವನು. ಅಂಗುಳದಲ್ಲಿ ಬೆಲ್ಲವಿದ್ದ ಜಾಗವೇ ಅಕ್ಷರದ ಜಾಗ. 'ಕ್ಷ' ತಿಂಗಳುಗಟ್ಟಲೆ ಸತಾಯಿಸಿತು. ಗಲ್ಲದ ಕೆಳಗೆ ಬೆರಳಿಟ್ಟು ಮೆಲ್ಲಗೆ ಒತ್ತುವನು, ಅವಳು ಕೆಮ್ಮುವಳು, ಇಬ್ಬರೂ ನಗುವರು.

ನಾನು ಕಂಬಕ್ಕೆ ಒರಗಿ ಪುಸ್ತಕ ಬಿಡಿಸಿಕೊಂಡು ಕೂತಿರುತ್ತಿದ್ದೆ. ಅಂಗಳದ ಬಿಸಿಲಿನಲ್ಲಿ ಬೂದಿಯ ಕಣಗಳು ತೇಲುತ್ತಿದ್ದವು. ದೊಡ್ಡ ಬಾಯೊಂದು, ಸಣ್ಣ ಬಾಯೊಂದು ಎದುರುಬದುರಾಗಿ ಅರಳುತ್ತಿದ್ದವು, ಮುಚ್ಚುತ್ತಿದ್ದವು. ಚಳಿಗಾಲ ಹೋಗಿ ಬೇಸಿಗೆ ಬರುವಷ್ಟರಲ್ಲಿ ಸಣ್ಣ ಬಾಯಿಗೆ ಎಲ್ಲ ಬಂದುಬಿಟ್ಟಿತು. ಪುಟ್ಟಲಕ್ಷ್ಮಿ ಎಂದು ಅವಳು ಅಂದರೆ ನಾಲ್ಕು ಅಕ್ಷರವೂ ತುಟಿಯ ಮೇಲೆ ಸ್ಪಷ್ಟವಾಗಿ ಬಂದು ಹೋಗುತ್ತಿದ್ದವು.

ಆದರೆ ಸದ್ದು ಇರಲಿಲ್ಲ.

ಒಂದಿಷ್ಟು ಗಾಳಿ, ನಾಲಗೆ ತಟ್ಟಿದ ಚಟಪಟ, ಅಷ್ಟೇ. ದನಿ ಎನ್ನುವುದು ಚೂರೂ ಇರಲಿಲ್ಲ. ಅಪ್ಪ ಕಾರ್ಖಾನೆಯಲ್ಲಿ ಹೇಗೆ ಮಾತಾಡುತ್ತಿದ್ದನೋ ಹಾಗೆಯೇ ಅವಳಿಗೆ ಕಲಿಸಿದ್ದ. ಅವಳೂ ಹಾಗೆಯೇ ಕಲಿತಿದ್ದಳು. ಶೇಷಮ್ಮ ಮಿಷನ್ ತುಳಿಯುತ್ತ ಮಗಳ ತುಟಿಯ ಮೇಲೆ ತನ್ನ ಹೆಸರು ಕಂಡು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ದನಿ ಕೊನೆಗೆ ಬರುತ್ತದೆ, ಕಲಿಸುವವರಿಗೆ ಗೊತ್ತಿರುತ್ತದೆ ಎಂದು ಅವಳ ನಂಬಿಕೆ. ಅವ್ವನಿಗೆ ದನಿಯಿಲ್ಲದ ಮಾತು ಎಷ್ಟು ರೂಢಿಯಾಗಿತ್ತೆಂದರೆ ಅವಳಿಗೆ ಅದು ಕೊರತೆ ಅನ್ನಿಸಲೇ ಇಲ್ಲ. ನನಗೆ ಮಾತ್ರ ಗೊತ್ತಿತ್ತು. ಸಾವಿತ್ರಮ್ಮನವರ ಶಾಲೆಯಲ್ಲೇ ಓದಿದವಳು ನಾನು. ಆ ಹೆಂಗಸು ತುಟಿ ನೋಡುವವರಲ್ಲ, ಕಿವಿ ಕೊಡುವವರು ಎಂದೂ ಗೊತ್ತಿತ್ತು. ನಾನು ಹೇಳಲಿಲ್ಲ. ಆ ಹುಡುಗಿ ಮೈಸೂರಿಗೆ ಹೋದರೆ ಮಧ್ಯಾಹ್ನಗಳು ಮತ್ತೆ ನನ್ನವಾಗುತ್ತವೆ ಎಂದುಕೊಂಡು ಪುಟ ತಿರುಗಿಸಿದೆ.

ಐವತ್ತೆಂಟನೇ ಇಸವಿ ಜೂನಿನಲ್ಲಿ ಶಾಲೆ ತೆರೆದ ದಿನ ಎಲ್ಲರೂ ಹೋದೆವು. ಶೇಷಮ್ಮ ಮಗಳಿಗೆ ಹೊಸ ಲಂಗ ಹೊಲಿದಿದ್ದಳು. ಅಪ್ಪ ಒಗೆದ ಅಂಗಿ ಹಾಕಿ, ಮೂರು ಬೆರಳ ವಿಭೂತಿ ಎಳೆದು, ಮದುವೆಗೆ ಹೊರಟವರ ಹಾಗಿದ್ದ. ಸಾವಿತ್ರಮ್ಮನವರು ಕನ್ನಡಕ ಸರಿಮಾಡಿಕೊಂಡು, "ನಿನ್ನ ಹೆಸರೇನಮ್ಮ?" ಎಂದರು.

ಪುಟ್ಟಲಕ್ಷ್ಮಿ ಅವರ ಬಾಯಿ ನೋಡಿದಳು. ತಿಳಿಯಿತು. ಬಾಯಿ ತೆರೆದು, ಅಚ್ಚುಕಟ್ಟಾಗಿ, ಒಂದು ಅಕ್ಷರವನ್ನೂ ಬಿಡದೆ ಹೇಳಿದಳು. ಆಮೇಲೆ ಕೇಳದೆಯೇ ಅಮ್ಮನ ಹೆಸರನ್ನೂ ಹೇಳಿದಳು. ಅಪ್ಪ ಹೆಮ್ಮೆಯಿಂದ ಸಾವಿತ್ರಮ್ಮನವರ ಕಡೆ ನೋಡಿದ.

"ಹೇಳು ಮಗು, ಹೆದರ್ಕೋಬೇಡ" ಎಂದರು ಅವರು.

"ಹೇಳಿದ್ಲಲ್ಲಾ ಟೀಚರೇ!" ಎಂದ ಅಪ್ಪ.

"ಎಲ್ಲಿ ಹೇಳಿದ್ಲು ಹಿರಿಯಣ್ಣೋರೆ? ಬರೀ ಬಾಯಿ ಆಡಿಸ್ತಿದಾಳೆ. ದನಿ ಎಲ್ಲಿ?"

ಅಪ್ಪ ಶೇಷಮ್ಮನನ್ನು ನೋಡಿದ. ಅವಳು ತಲೆ ತಗ್ಗಿಸಿದಳು. ಅವ್ವನನ್ನು ನೋಡಿದ. ಕೊನೆಗೆ ನನ್ನನ್ನು ನೋಡಿದ. ಅವನ ಮುಖದಿಂದ ಬಣ್ಣ ಇಳಿದುಹೋಯಿತು. ಸಾವಿತ್ರಮ್ಮನವರು ಒಮ್ಮೆ ಅವನನ್ನೂ ಒಮ್ಮೆ ಮಗುವನ್ನೂ ನೋಡಿದರು. ಅವರಿಗೆ ಅರ್ಥವಾಯಿತು. ದನಿ ತಗ್ಗಿಸಿ, "ದಸರಾ ರಜ ಮುಗಿಯೋವರೆಗೂ ಜಾಗ ಇಟ್ಟಿರ್ತೀನಿ. ಅಷ್ಟರೊಳಗೆ ಆಗದಿದ್ರೆ ಮೈಸೂರಿಗೆ ಕಳಿಸಿ. ತಡ ಮಾಡಬಾರದು" ಎಂದರು.

ಅಪ್ಪ ಮನೆಗೆ ಬರಲಿಲ್ಲ. ನೇರ ಹೊಳೆಯ ದಂಡೆಗೆ ಹೋಗಿ ಕೂತ. ಸಂಜೆ ಅವ್ವ ನನ್ನನ್ನು ಕಳಿಸಿದಳು. ಆ ಹೊತ್ತಿಗೆ ಕಾರ್ಖಾನೆಯವರು ಕಬ್ಬಿಣ ಕರಗಿಸಿ ಉಳಿದ ಕಾದ ಕಿಟ್ಟ ಸುರಿಯುತ್ತಿದ್ದರು. ಆಚೆ ಆಕಾಶವೆಲ್ಲ ಕೆಂಪಾಗಿ, ಭದ್ರೆಯ ನೀರೂ ಕೆಂಪಾಗಿ, ಅಪ್ಪನ ಬಿಳಿಯ ಅಂಗಿಯೂ ಕೆಂಪಾಗಿತ್ತು. ನಾನು ಸುತ್ತುಹಾಕಿಕೊಂಡು ಎದುರಿಗೆ ಹೋಗಿ ನಿಂತೆ.

"ನಿಂಗೆ ಗೊತ್ತಿತ್ತಾ ಉಮಾ?" ಎಂದು ಕೇಳಿದ.

ಸುಳ್ಳು ಹೇಳಬಹುದಿತ್ತು. ಆದರೆ ಅವನು ನನ್ನ ತುಟಿಯನ್ನೇ ನೋಡುತ್ತಿದ್ದ. ಹಾಗೆ ನೋಡುವವನಿಗೆ ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ.

"ಗೊತ್ತಿತ್ತು."

"ಯಾಕೆ ಹೇಳ್ಲಿಲ್ಲ?"

"ನಂಗೆ ಹೊಟ್ಟೆಕಿಚ್ಚು" ಎಂದು ಅತ್ತುಬಿಟ್ಟೆ.

ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಪಕ್ಕದ ಕಲ್ಲನ್ನು ಕೈಯಿಂದ ಒರೆಸಿ ಕೂರಿಸಿಕೊಂಡ. "ಸಣ್ಣವನಿದ್ದಾಗ್ಲೇ ಕಿವಿ ಸೋರ್ತಿತ್ತು. ನೀನು ಹುಟ್ಟೋ ಮುಂಚೆಯಿಂದ್ಲೇ ಏನೂ ಕೇಳಲ್ಲ. ನಿಮ್ಮವ್ವಂಗೆ ಗೊತ್ತು. ನಿನ್ನ ದನಿ ಹೆಂಗಿದೆ ಅಂತಾನೂ ನಂಗೆ ಗೊತ್ತಿಲ್ಲ" ಎಂದ.

ಗೌರವ ಎಂದು ನಾನು ತಿಳಿದಿದ್ದ ನಮ್ಮ ಮನೆಯ ಪದ್ಧತಿ ಆ ಸಂಜೆ ಕಳಚಿಬಿತ್ತು. ಹನ್ನೆರಡು ವರ್ಷ ನಾನು ಹಾಡಿದ್ದು, ಪದ್ಯ ಹೇಳಿದ್ದು, ಕೂಗಾಡಿದ್ದು ಯಾವುದೂ ಅವನಿಗೆ ತಲುಪಿರಲಿಲ್ಲ. ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು, ಅವನ ಮೇಲೆ ಹೇಳಲಾಗದಷ್ಟು ಪ್ರೀತಿ ಬಂತು. ಎರಡೂ ಒಟ್ಟಿಗೆ ಬಂದದ್ದರಿಂದ ಇನ್ನಷ್ಟು ಅತ್ತೆ.

"ಅಳ್ಬೇಡ. ನೋಡು, ನಾನು ಮೇಲೆ ಗೂಡಲ್ಲಿ ಕೂತೋನು. ಕೆಳಗಿಂದು ನಂಗೆ ತಿಳಿಯಲ್ಲ. ನೀನು ಕೆಳಗೆ ನಿಂತು ಸನ್ನೆ ಮಾಡು. ಅವಳಲ್ಲಿ ದನಿ ಬಂದ್ರೆ ಎತ್ತು ಅನ್ನು, ಜಾಸ್ತಿ ಆದ್ರೆ ಇಳಿಸು ಅನ್ನು. ಮಾಡ್ತೀಯಾ?"

ಮಾಡುತ್ತೇನೆ ಎಂದು ತಲೆಯಾಡಿಸಿದೆ.

ಸನ್ನೆ ಮಾಡಲು ಮೊದಲು ದನಿ ಬರಬೇಕಲ್ಲ. ತಿಂಗಳಾದರೂ ಬರಲಿಲ್ಲ. ಬಾಯಿ ತೆರೆದು ನಾನು ಕಿರುಚಿ ತೋರಿಸುತ್ತಿದ್ದೆ, ಅವಳು ನನ್ನಷ್ಟೇ ದೊಡ್ಡದಾಗಿ ಬಾಯಿ ತೆರೆದು ಸುಮ್ಮನೆ ನಿಲ್ಲುತ್ತಿದ್ದಳು. ಅಷ್ಟರಲ್ಲಿ ಚಂದ್ರಶೇಖರಪ್ಪನವರಿಂದ ಕಾಗದ ಬಂತು, ಶಿವಮೊಗ್ಗದಲ್ಲಿ ಒಬ್ಬ ಡಾಕ್ಟರಿಗೆ ಒಮ್ಮೆ ತೋರಿಸಿಬಿಡೋಣ ಎಂದು. ಅಪ್ಪ ರಜ ಹಾಕಿದ. ಬೆಳಗಿನ ರೈಲಿಗೆ ನಾವು ನಾಲ್ವರು ಹೊರಟೆವು. ಅಪ್ಪ, ಶೇಷಮ್ಮ, ಮಗು, ಜೊತೆಗೆ ಕಿವಿಯಾಗಿ ನಾನು.

ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಕನ್ನಡಿ ಹಿಡಿದು ಗಂಟಲು ನೋಡಿದರು, ಕಿವಿ ನೋಡಿದರು. "ಕಿವಿಗೆ ನಾನೇನೂ ಮಾಡೋಕಾಗಲ್ಲ ತಾಯಿ" ಎಂದು ಶೇಷಮ್ಮನಿಗೆ ನೇರವಾಗಿ ಹೇಳಿದರು. ಆಮೇಲೆ ಕೇಳಿದರು, "ಈ ಮಗು ಬಿದ್ದು ಅಳುವಾಗ ದನಿ ಬರುತ್ತಾ?"

"ಬರುತ್ತೆ ಸ್ವಾಮಿ. ವಠಾರಕ್ಕೆಲ್ಲ ಕೇಳುತ್ತೆ."

"ಹಂಗಾದ್ರೆ ದನಿ ಇದೆ. ಗಂಟಲು ಚೆನ್ನಾಗೇ ಇದೆ. ಮಾತಿಗೂ ಅದು ಬೇಕು ಅಂತ ಅವಳಿಗೆ ಗೊತ್ತಿಲ್ಲ, ಅಷ್ಟೆ."

ನಾನು ಅಪ್ಪನ ಎದುರಿಗೆ ಹೋಗಿ ಆ ಮಾತನ್ನು ತುಟಿಯ ಮೇಲೆ ಇಟ್ಟೆ. ಅವನು ಅದನ್ನು ಎರಡು ಸಲ ಹೇಳಿಸಿಕೊಂಡ.

ವಾಪಸು ಬರುವ ರೈಲಿನಲ್ಲಿ ಜನ ಕಡಿಮೆ. ಮಧ್ಯಾಹ್ನದ ಬಿಸಿಲು ಬೋಗಿಯ ಒಳಗೆ ಓಡಾಡುತ್ತಿತ್ತು. ಶೇಷಮ್ಮ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಪುಟ್ಟಲಕ್ಷ್ಮಿ ಮರದ ಸೀಟಿನ ಮೇಲೆ ಬೋರಲು ಮಲಗಿ, ಮನೆಯಲ್ಲಿ ಮಿಷನ್ನಿಗೆ ಇಡುವಂತೆ, ಹಲಗೆಗೆ ಕೆನ್ನೆಯಿಟ್ಟಿದ್ದಳು. ರೈಲು ವೇಗ ಹಿಡಿಯಿತು, ಹಲಗೆ ಗುಂಯ್‌ಗುಡತೊಡಗಿತು. ಆಗ ಅವಳಿಂದ ಒಂದು ಸದ್ದು ಬಂತು. ಅಳುವಲ್ಲ, ನಗುವಲ್ಲ. "ಮ್ ಮ್ ಮ್" ಎಂದು ಹಲಗೆಯ ಜೊತೆಗೇ ಅವಳೂ ಗುನುಗುತ್ತಿದ್ದಳು.

ನಾನು ತಟ್ಟನೆ ಎದ್ದು ಅಪ್ಪನ ಎದುರಿಗೆ ನಿಂತು ತೋರುಬೆರಳು ಮೇಲೆತ್ತಿ ಸುತ್ತಿದೆ. ಎತ್ತು, ಎತ್ತು, ಎತ್ತು.

ಅಪ್ಪ ಮಗುವನ್ನು ನೋಡಿದ, ಹಲಗೆಯನ್ನು ನೋಡಿದ. ತನ್ನ ಅಂಗೈಯನ್ನು ಅವಳ ಬೆನ್ನಿನ ಮೇಲಿಟ್ಟ. ಅಲ್ಲಿನ ಅದುರು ಅವನ ಕೈಗೆ ಸಿಕ್ಕಿತು. ಅವನು ಅಂಗಿಯ ಗುಂಡಿ ಬಿಚ್ಚಿ, ಅವಳನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡು, ಅವಳ ಪುಟ್ಟ ಅಂಗೈಯನ್ನು ತನ್ನ ಎದೆಯ ಮೇಲೆ, ಲಿಂಗದ ಕರಡಿಗೆಯ ಪಕ್ಕದಲ್ಲಿ ಒತ್ತಿಕೊಂಡ. ಅವಳ ಇನ್ನೊಂದು ಕೈಯನ್ನು ಅವಳದೇ ಎದೆಗೆ ಒತ್ತಿದ. ಆಮೇಲೆ ಬೋಗಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ, ಹೊಟ್ಟೆಯ ಆಳದಿಂದ ಹೇಳಿದ.

"ಅಮ್ಮ."

ಮಗು ಅವನ ಎದೆಯನ್ನೂ ತನ್ನ ಎದೆಯನ್ನೂ ನೋಡಿಕೊಂಡಳು. ಒಂದು ಅದುರುತ್ತಿತ್ತು, ಇನ್ನೊಂದು ಸುಮ್ಮನಿತ್ತು. ಬಹಳ ಹೊತ್ತು ಹಾಗೇ ನೋಡಿದಳು. ಭದ್ರಾವತಿಯ ಹೊಗೆ ಕಾಣುವ ಹೊತ್ತಿಗೆ ಅವಳ ಎದೆಯೂ ಅದುರಿತು. ಒಡೆದ, ಒರಟಾದ, ಗಂಡುದನಿಯ ಒಂದು "ಅಮ್ಮ" ಹೊರಬಂತು. ಶೇಷಮ್ಮ ನಿದ್ದೆಯಿಂದ ಎದ್ದು, ಯಾರು ಕರೆದರೆಂದು ಸುತ್ತ ನೋಡಿದಳು.

ಆಮೇಲಿನ ತಿಂಗಳುಗಳು ನನ್ನ ಬದುಕಿನ ಒಳ್ಳೆಯ ತಿಂಗಳುಗಳು. ಪ್ರತಿ ಮಧ್ಯಾಹ್ನ ಅಪ್ಪ ಜಗಲಿಯಲ್ಲಿ, ಅವನ ಎದೆಗೆ ಕೈಯಿಟ್ಟು ಪುಟ್ಟಲಕ್ಷ್ಮಿ, ಅವಳ ಬೆನ್ನ ಹಿಂದೆ ಅಪ್ಪನಿಗೆ ಕಾಣುವಂತೆ ನಾನು. ದನಿ ಕಿರುಚಾಟವಾದರೆ ಬೆರಳು ಕೆಳಗೆ. ಸತ್ತುಹೋದರೆ ಬೆರಳು ಮೇಲೆ. ಅವಸರ ಮಾಡಿದರೆ ಒಂದು ಅಂಗೈ ಮೇಲೆ ಇನ್ನೊಂದು. ನಾನು ಸನ್ನೆ ಮಾಡುವೆನು, ಅದನ್ನು ನೋಡಿ ಅಪ್ಪ ತನ್ನ ಎದೆಯ ದನಿಯನ್ನು ಏರಿಸಿ ಇಳಿಸಿ ತೋರಿಸುವನು, ಕೈಯ ಮೂಲಕ ಅದು ಮಗುವಿಗೆ ಹೋಗುವುದು. ನಮ್ಮ ಮೂವರಲ್ಲಿ ಕೇಳುವವಳು ನಾನೊಬ್ಬಳೇ. ಎರಡು ಕಿವಿಗಳಲ್ಲಿ ಮೂರು ಜನ ಸಂಸಾರ ಮಾಡಿದೆವು. 'ಪ'ಕ್ಕೂ 'ಮ'ಕ್ಕೂ ತುಟಿಯಲ್ಲಿ ಭೇದವಿಲ್ಲದೆ ಅವಳು ಹಿಂದೆ ಎರಡನ್ನೂ ಕಲಸುತ್ತಿದ್ದಳು. ಈಗ 'ಮ' ಎಂದರೆ ಮೂಗಿನ ಮೇಲಿಟ್ಟ ಬೆರಳು ಗುಂಯ್‌ಗುಡುತ್ತದೆ ಎಂದು ತಾನೇ ಕಂಡುಹಿಡಿದು ನನ್ನ ಮೂಗನ್ನೂ ಹಿಡಿದು ನೋಡಿದಳು. ನನಗೆ ಅವಳ ಮೇಲಿದ್ದ ಕಿಚ್ಚು ಯಾವಾಗ ಆರಿತೋ ತಿಳಿಯಲೇ ಇಲ್ಲ.

ಕಲಿಯುವುದು ಕಲಿತಳು, ದನಿ ಮಾತ್ರ ಅವಳ ಮೈಗೆ ಹೊಂದುತ್ತಿರಲಿಲ್ಲ. ಏಳು ವರ್ಷದ ಹುಡುಗಿಯಿಂದ ದಪ್ಪ ದನಿ. ನಾನು ಎಷ್ಟು ಸನ್ನೆ ಮಾಡಿದರೂ ಅದು ತೆಳುವಾಗಲಿಲ್ಲ. ವಠಾರದವರು ಈಗ ಮೂಗಿ ಎನ್ನುವುದನ್ನು ಬಿಟ್ಟು ಗೌಡರು ಎನ್ನತೊಡಗಿದರು. ಅಪ್ಪ ಒಂದು ದಿನ ನನ್ನನ್ನು ಕೇಳಿದ, "ಹೆಂಗಿದೆ ಇವಳ ದನಿ?"

"ಚೆನ್ನಾಗಿದೆ" ಎಂದೆ.

"ನಿಜ ಹೇಳು."

"ದಪ್ಪ ಇದೆ. ಆದ್ರೆ ಕೇಳುತ್ತೆ."

"ಕೇಳಿದ್ರೆ ಸಾಕು" ಎಂದ ಅಪ್ಪ.

ದಸರಾ ರಜ ಮುಗಿದು ಶಾಲೆ ತೆರೆದ ಬೆಳಿಗ್ಗೆ ಮತ್ತೆ ಹೋದೆವು. ಮೈಸೂರಿಗೆ ಕರೆದೊಯ್ಯಲು ಚಂದ್ರಶೇಖರಪ್ಪನವರೂ ಬಂದಿದ್ದರು. ಮಗುವಿನ ಬಟ್ಟೆ ತುಂಬಿದ ಟ್ರಂಕು ನಮ್ಮ ಜಗಲಿಯ ಮೇಲೆ ಸಿದ್ಧವಾಗಿತ್ತು. ಶೇಷಮ್ಮ ಒಳಗೆ ಬರಲಾರದೆ ಶಾಲೆಯ ಕಿಟಕಿಯ ಹೊರಗೆ ಸರಳು ಹಿಡಿದು ನಿಂತಳು. ಅಪ್ಪ ಬಾಗಿಲ ಹತ್ತಿರ ನಿಂತ. ನಾನು ಸಾವಿತ್ರಮ್ಮನವರ ಕುರ್ಚಿಯ ಪಕ್ಕದಲ್ಲಿ, ಅಪ್ಪನಿಗೆ ಕಾಣುವಂತೆ ನಿಂತೆ. ಹಿಂದೆ ನಲವತ್ತು ಹುಡುಗಿಯರು ಕೂತಿದ್ದರು.

"ನಿನ್ನ ಹೆಸರೇನಮ್ಮ?"

ಪುಟ್ಟಲಕ್ಷ್ಮಿ ತನ್ನ ಅಂಗೈಯನ್ನು ತನ್ನ ಎದೆಗೆ ಒತ್ತಿಕೊಂಡಳು. ಮೊದಲು ಬರೀ ಗಾಳಿ ಬಂತು. ನನ್ನ ಬೆರಳು ತಾನಾಗಿಯೇ ಮೇಲೆದ್ದು ಸುತ್ತತೊಡಗಿತು. ಅವಳು ನನ್ನನ್ನು ನೋಡಲಿಲ್ಲ. ಕಣ್ಣು ಮುಚ್ಚಿದಳು. ಎದೆಯ ಒಳಗೆ ಏನನ್ನೋ ಹುಡುಕಿ ಹಿಡಿದಳು.

"ಪುಟ್ಟ... ಲಕ್ಷ್... ಮಿ."

ಹುಡುಗಿಯರು ಕಿಸಕ್ಕನೆ ನಕ್ಕರು. ಸಾವಿತ್ರಮ್ಮನವರು ಅವರ ಕಡೆ ತಿರುಗಿ ನೋಡಿದ ನೋಟಕ್ಕೆ ನಗು ಅಲ್ಲೇ ನಿಂತಿತು.

"ತಾಯಿ ಹೆಸರು?"

"ಶೇಷಮ್ಮ" ಎಂದಳು. ಇದು ಒಂದೇ ಉಸಿರಿಗೆ ಬಂತು, ದಪ್ಪಗೆ, ಕೋಣೆಯೆಲ್ಲ ತುಂಬುವಂತೆ.

ಕಿಟಕಿಯ ಹೊರಗೆ ಶೇಷಮ್ಮ ತನ್ನನ್ನು ಯಾರೋ ಕರೆದಂತೆ "ಆಂ" ಎಂದುಬಿಟ್ಟಳು. ಸಾವಿತ್ರಮ್ಮನವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡು ರಿಜಿಸ್ಟರಿನಲ್ಲಿ ಹೆಸರು ಬರೆದರು.

ಇಷ್ಟರಲ್ಲಿ ಒಂದನ್ನೂ ಕೇಳದ ಅಪ್ಪ ಬಾಗಿಲಲ್ಲಿ ನಿಂತು ನನ್ನ ಕೈಗಳನ್ನೇ ನೋಡುತ್ತಿದ್ದ. ನಾನು ಎರಡೂ ಅಂಗೈ ಜೋಡಿಸಿ ಎದೆಗೆ ಒತ್ತಿಕೊಂಡೆ. ಅವನು ಬಾಗಿಲ ಚೌಕಟ್ಟಿಗೆ ಹಣೆಯಿಟ್ಟು ನಿಂತುಬಿಟ್ಟ. ಚೌಕಟ್ಟಿನ ಮೇಲೆ ವಿಭೂತಿ ಉಳಿಯಿತು.

ಟ್ರಂಕು ಖಾಲಿಯಾಯಿತು. ಪುಟ್ಟಲಕ್ಷ್ಮಿ ಓದಿದಳು, ಮಿಷನ್ ಕಲಿತಳು, ವಠಾರದವರೊಡನೆ ಜಗಳವಾಡುವಷ್ಟು ಮಾತು ಕಲಿತಳು. ಅಪ್ಪನ ಹತ್ತಿರ ಇನ್ನೂ ಕೆಲವರು ಮಕ್ಕಳನ್ನು ಕರೆತಂದರು. ಉಗ್ಗುವ ಹುಡುಗರು ಬಂದರೆ, "ಇದು ನನ್ನ ಕೈಲಿ ಆಗಲ್ಲ ಮಾರಾಯ, ಕಿವಿ ಇರೋರ ಹತ್ರ ಹೋಗಿ" ಎಂದು ಕಳಿಸುತ್ತಿದ್ದ. ಕಿವಿ ಕೇಳದವರನ್ನು ಮಾತ್ರ ಇಟ್ಟುಕೊಂಡು ವಿಭೂತಿ ಹಾರಿಸುತ್ತಿದ್ದ. ನಾನು ಮದುವೆಯಾಗಿ ಶಿವಮೊಗ್ಗಕ್ಕೆ ಹೋದ ಮೇಲೆ ಸನ್ನೆ ಮಾಡುವ ಕೆಲಸ ಅವ್ವನಿಗೆ ಬಂತು.

ಅರವತ್ತಾರನೇ ಇಸವಿಯಲ್ಲಿ, ಶಿವರಾತ್ರಿ ಕಳೆದ ವಾರ, ಅಪ್ಪ ಹೋದ. ಮಧ್ಯಾಹ್ನ ಜಗಲಿಯಲ್ಲಿ ಕೂತಿದ್ದವನು ಹಾಗೇ ಗೋಡೆಗೆ ಒರಗಿದನಂತೆ. ನಾನು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅತ್ತವರು ಅತ್ತರು. ನನಗೆ ಅಳು ಬರಲಿಲ್ಲ. ಮೂರು ದಿನ ಕಂಬಕ್ಕೆ ಒರಗಿ, ಹಿಂದೆ ಪುಸ್ತಕ ಹಿಡಿದು ಕೂರುತ್ತಿದ್ದ ಜಾಗದಲ್ಲೇ, ಒಣಗಿದ ಕಣ್ಣಿನಿಂದ ಕೂತಿದ್ದೆ. ಊಟ ಬೇಡವೆಂದೆ. ಹೊಳೆಯ ಸದ್ದು ಕೇಳುತ್ತ ಅರೆನಿದ್ದೆ ಬಂತು.

ಆಗ ಅಪ್ಪ ನನ್ನನ್ನು ಕರೆದ. "ಉಮಾ."

ಹೊಟ್ಟೆಯ ಆಳದಿಂದ ಬರುವ, ಒಡೆದ, ದಪ್ಪ ದನಿ. ಮಾತಿನ ಕೊನೆಯನ್ನು ಸ್ವಲ್ಪ ಎಳೆದು ಇಳಿಸುವ ರೀತಿಯೂ ಅದೇ. ಕಣ್ಣು ಬಿಟ್ಟೆ. ಎದುರಿಗೆ ಪುಟ್ಟಲಕ್ಷ್ಮಿ ನಿಂತಿದ್ದಳು, ಹದಿನೈದು ವರ್ಷದ ಹುಡುಗಿ, ಕೈಯಲ್ಲಿ ತಟ್ಟೆ.

"ಉಮಾ... ಕ್ಕ" ಎಂದು ಮುಗಿಸಿದಳು. "ಊಟ ಮಾಡು."

ಮದುವೆಯಾಗುವವರೆಗೂ ಅವರಿಬ್ಬರ ಮಧ್ಯೆ ಕಿವಿಯಾಗಿದ್ದವಳು ನಾನು. ಅಪ್ಪನ ದನಿ ಪಕ್ಕದಲ್ಲೇ ಇದ್ದಾಗ ನನಗೆ ಇದು ತಿಳಿಯಲಿಲ್ಲ. ಅವಳು ಕಲಿತದ್ದು ಅವನ ಎದೆಯಿಂದ, ಬೇರೆ ಯಾರ ಎದೆಯ ದನಿಯನ್ನೂ ಅವಳು ಮುಟ್ಟಿಯೇ ಇರಲಿಲ್ಲ. "ಹೆಂಗಿದೆ ಇವಳ ದನಿ" ಎಂದು ಅವನು ಕೇಳಿದಾಗ ದಪ್ಪ ಎಂದಿದ್ದೆನಲ್ಲ, ನಿನ್ನ ಹಾಗೇ ಇದೆ ಅಪ್ಪ ಎನ್ನಬಹುದಿತ್ತು. ಈಗ ಎದುರಿಗೆ ಹೋಗಿ ನಿಂತು ಹೇಳಲು ಅವನಿರಲಿಲ್ಲ.

ನಾನು ತಟ್ಟೆ ತೆಗೆದುಕೊಂಡು ಕೆಳಗಿಟ್ಟೆ. ಅವಳ ಎದೆಯ ಮೇಲೆ ಅಂಗೈ ಇಟ್ಟು, "ಇನ್ನೊಂದ್ಸಲ ಕರಿ" ಎಂದೆ. ಅವಳು ನನ್ನ ತುಟಿ ನೋಡಿ ಕರೆದಳು. ನಾನು ಅತ್ತೆ, ಆಮೇಲೆ ಊಟ ಮಾಡಿದೆ.